ಏಳು ಬಾಗಿಲಿನ ನಾಯಿ

ಗುರುಗಳು ಕೂರುವ ಮೊದಲು ಚಾಪೆಯ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದರು. ಅವರ ಕಣ್ಣು ಮಂಜಾಗಿತ್ತು. ಆಶ್ರಮದ ಬೆಕ್ಕು ಅಲ್ಲಿ ಮಲಗಿದ್ದರೆ ಕೈಗೆ ಸಿಗುತ್ತಿತ್ತು. ಸಿಕ್ಕಿದರೆ ಅದನ್ನು ಎಬ್ಬಿಸದೆ, ಉಳಿದ ಜಾಗದಲ್ಲಿ ಕೂರುತ್ತಿದ್ದರು. ಕೆಲವು ದಿನ ಉಳಿಯುತ್ತಿದ್ದದ್ದು ಒಂದು ಅಂಚು ಮಾತ್ರ. ಅವರ ಶಿಷ್ಯನಿಗೆ ಈ ತೊಂದರೆ ಇರಲಿಲ್ಲ. ಬೆಕ್ಕಿನ ಕೂದಲು ಅಂಟೀತೆಂದು ಅವನು ಎದ್ದ ಕೂಡಲೇ ತನ್ನ ಚಾಪೆಯನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ.

ಒಂದು ಬೆಳಿಗ್ಗೆ ಶಿಷ್ಯ ಬಂದು ನಿಂತ.

“ಗುರುಗಳೇ, ದಿಕ್ಕಿಲ್ಲದ ಪ್ರಾಣಿಗಳಿಗೆ ಒಂದು ಆಶ್ರಯಧಾಮ ಕಟ್ಟಬೇಕೆಂದಿದ್ದೇನೆ. ಲಾಭದ ಆಸೆ ಇಲ್ಲ. ಜಾಗ ಗೊತ್ತಾಗಿದೆ, ಸಮಿತಿ ಆಗಿದೆ, ಬೋರ್ಡಿನ ಮೇಲೆ ಏನು ಬರೆಸಬೇಕು ಎನ್ನುವುದೂ ತೀರ್ಮಾನವಾಗಿದೆ. ಮೊದಲು ಯಾವ ಪ್ರಾಣಿಯನ್ನು ತರಲಿ?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೂ ನಿನ್ನ ಹಾಗೇ ದಯೆ ಬಂತು. ಊರ ಹೊರಗೆ ಹೆಂಚಿನ ಮಾಡು ಹಾಕಿಸಿದ, ಸುತ್ತ ಬೇಲಿ ಕಟ್ಟಿಸಿದ, ಕಲ್ಲಿನ ನೀರುತೊಟ್ಟಿ ಇಡಿಸಿದ. ಬರುವ ಸೋಮವಾರ ಉದ್ಘಾಟನೆ ಎಂದು ಡಂಗುರವನ್ನೂ ಸಾರಿಸಿದ. ಎಲ್ಲ ಆದ ಮೇಲೆ ಒಂದು ಪ್ರಾಣಿ ಬೇಕಾಯಿತು.

ಅವನ ಓಣಿಯಲ್ಲೇ ಒಂದು ನಾಯಿ ಇತ್ತು. ಅದಕ್ಕೆ ಯಜಮಾನನಿಲ್ಲ, ಕೊರಳಲ್ಲಿ ಹಗ್ಗವಿಲ್ಲ. ದಿಕ್ಕಿಲ್ಲದ್ದು ಎಂದರೆ ಇದೇ ಎಂದುಕೊಂಡು, ಕೈಗಾಡಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ ಕರೆದೊಯ್ದ. ನಾಯಿ ದಾರಿಯಲ್ಲಿ ಹಾರವನ್ನು ಅರ್ಧ ತಿಂದಿತು. ಅಲ್ಲಿಂದ ಮುಂದೆ ಅದು ಮನಸಾರೆ ತಿಂದದ್ದು ಏನೂ ಇಲ್ಲ.

ವರ್ತಕ ಬೋಗುಣಿ ತುಂಬ ಹಾಲು ಅನ್ನ ಇಟ್ಟ. ನಾಯಿ ಒಂದು ತುತ್ತು ತಿಂದು, ಎದ್ದು, ಬೇಲಿಯ ಹತ್ತಿರ ಹೋಗಿ ನಿಂತಿತು. ತುಪ್ಪ ಬೆರೆಸಿ ಇಟ್ಟ. ಒಂದು ತುತ್ತು ತಿಂದು ಮತ್ತೆ ಬೇಲಿಗೆ ಹೋಯಿತು. ನಾಲ್ಕು ದಿನಕ್ಕೆ ಪಕ್ಕೆಲುಬು ಕಾಣತೊಡಗಿತು. ವರ್ತಕನಿಗೆ ಕೈಕಾಲು ಆಡಲಿಲ್ಲ. ಯಾರೂ ಸಾಕದೆ ಹತ್ತು ವರ್ಷ ಬದುಕಿದ ನಾಯಿ, ತಾನು ಸಾಕಿದ ಒಂದೇ ವಾರಕ್ಕೆ ಸತ್ತರೆ ಊರಿನವರು ಏನೆಂದಾರು? ಊರಿನವರ ಮಾತು ಹೋಗಲಿ, ನಾಯಿಯ ನೋಟವನ್ನೇ ಅವನಿಂದ ತಡೆಯಲಾಗಲಿಲ್ಲ. ತಪ್ಪಿ ಬೇರೆಯವರ ಮನೆಗೆ ಬಂದ ನೆಂಟನ ಹಾಗೆ ಅದು ಸಂಕೋಚದಿಂದ ನೋಡುತ್ತಿತ್ತು.

ಹೆಸರು ಹಿಡಿದು ಕರೆದರೆ ತಿಂದೀತೆಂದು, ಹೆಸರು ಕೇಳಲು ಅವನು ಓಣಿಗೆ ಹೋದ. ಮೊದಲ ಮನೆಯವರು ರಾಜ ಎಂದರು. ಎರಡನೆಯ ಮನೆಯವರು ಕರಿಯ ಎಂದರು. ಮೂರನೆಯ ಮನೆಯವರು ಅದನ್ನು ಇಷ್ಟು ವರ್ಷವೂ ಹೆಣ್ಣೆಂದೇ ತಿಳಿದಿದ್ದರು; ಚಂದ್ರಿ ಎಂದರು. ಹೀಗೆ ಆರು ಮನೆಗೆ ಆರು ಹೆಸರು. ಏಳನೆಯದು ಓಣಿಯ ಕೊನೆಯಲ್ಲಿದ್ದ ಒಬ್ಬ ಮುದುಕಿಯ ಮನೆ.

“ಅಮ್ಮಾ, ನಾಯೀನ ನೀವು ಏನಂತ ಕರೀತಿದ್ರಿ?”

“ಅದಕ್ಕೆ ಹೆಸರು ಬೇರೆ ಕೇಡು. ‘ಬಂತು ನೋಡು ಹಾಳಾದ್ದು’ ಅಂತಿದ್ದೆ. ಬರ್ತಿತ್ತು.”

“ತಿನ್ನೋಕೆ ಏನು ಹಾಕ್ತಿದ್ರಿ?”

“ಊಟದ ಕೊನೇ ತುತ್ತು, ಸಾವ್ಕಾರ್ರೇ. ಎಲ್ಲಾರ ಮನೇಲೂ ಅಷ್ಟೇ. ಬೆಳಿಗ್ಗೆ ಆ ತುದೀಲಿ ಶುರು ಮಾಡಿ, ಒಂದೊಂದೇ ಬಾಗ್ಲು ಮುಗಿಸ್ಕೊಂಡು, ನನ್ನ ಹತ್ರ ಬರೋ ಹೊತ್ತಿಗೆ ಮಧ್ಯಾಹ್ನ. ತಡ ಆದ್ರೆ ಬೈತಿದ್ದೆ. ನೀವು ಬೈದ್ರೋ ಇಲ್ವೋ?”

ವರ್ತಕ ಬೈದಿರಲಿಲ್ಲ.

“ಮತ್ತೆ ಹೆಂಗೆ ತಿನ್ನುತ್ತೆ?” ಎಂದಳು ಮುದುಕಿ. ಆಮೇಲೆ ಮುಖ ತಿರುಗಿಸಿಕೊಂಡು, “ನನಗೂ ಅಷ್ಟೇ, ಕೊನೇ ತುತ್ತು ತಟ್ಟೇಲೇ ಉಳೀತಿದೆ,” ಎಂದಳು.

ವರ್ತಕ ಹೋಗಿ ಏಳು ಬೋಗುಣಿ ತರಿಸಿದ. ಬೇಲಿಯ ಉದ್ದಕ್ಕೂ ಇಟ್ಟು, ಒಂದೊಂದರ ಹಿಂದೆಯೂ ತಾನೇ ಕೂತ. ರಾಜ ಎಂದ. ಕರಿಯ ಎಂದ. ದನಿ ಸಣ್ಣ ಮಾಡಿ ಚಂದ್ರಿ ಎಂದ. ಏಳನೆಯ ಬೋಗುಣಿಯ ಹಿಂದೆ ಕೂತು ಬೈದ. ಅಭ್ಯಾಸವಿಲ್ಲದ್ದರಿಂದ ಬಹುವಚನದಲ್ಲಿ ಬೈದ. ನಾಯಿ ಅವನನ್ನು ಸ್ವಲ್ಪ ಹೊತ್ತು ನೋಡಿ, ಮಲಗಿತು.

ಭಾನುವಾರ ಬೆಳಿಗ್ಗೆ ವರ್ತಕ ಬೇಲಿಯ ಬಾಗಿಲು ತೆಗೆದ. ನಾಯಿ ಓಡಲಿಲ್ಲ, ಓಡುವಷ್ಟು ಶಕ್ತಿ ಉಳಿದಿರಲಿಲ್ಲ. ಮೆಲ್ಲಗೆ ನಡೆದು ಓಣಿ ಮುಟ್ಟಿತು. ವರ್ತಕ ಹಿಂದೆ ಹಿಂದೆಯೇ ಹೋದ. ನಾಯಿ ಒಂದೊಂದು ಬಾಗಿಲಲ್ಲಿ ನಿಂತು, ಆ ಬಾಗಿಲಿನ ಹೆಸರಿಗೆ ಬಾಲ ಅಲ್ಲಾಡಿಸಿ, ಅಲ್ಲಿಯ ತುತ್ತು ತಿಂದು ಮುಂದಕ್ಕೆ ಹೋಯಿತು. ಮಧ್ಯಾಹ್ನ ಮುದುಕಿಯ ಮನೆಗೆ ಬಂತು. ಅಷ್ಟೂ ದಿನದ ಬೈಗುಳ ಅಲ್ಲಿ ಒಟ್ಟಿಗೇ ಕಾದಿತ್ತು. ಅದನ್ನೆಲ್ಲ ಕೇಳಿಸಿಕೊಂಡು, ತುತ್ತು ತಿಂದು, ಹೊಸ್ತಿಲಿಗೆ ತಲೆಯಿಟ್ಟು ನಿದ್ದೆ ಹೋಯಿತು.

ಆ ಓಣಿಯಲ್ಲಿ ಇದ್ದದ್ದು ಎಂಟು ಮನೆ. ನಾಲ್ಕನೆಯ ಮತ್ತು ಐದನೆಯ ಬಾಗಿಲಿನ ನಡುವೆ ಒಂದು ದೊಡ್ಡ ಬಾಗಿಲು ಇತ್ತು. ಅದು ವರ್ತಕನದು. ಅದರ ಮುಂದೆ ನಾಯಿ ನಿಲ್ಲಲೂ ಇಲ್ಲ, ಆ ಕಡೆ ತಿರುಗಿ ನೋಡಲೂ ಇಲ್ಲ.

ಸೋಮವಾರ ಉದ್ಘಾಟನೆ ಆಗಲಿಲ್ಲ. ಅಂದು ಬೆಳಿಗ್ಗೆ ವರ್ತಕ ಊಟಕ್ಕೆ ಕೂತ. ಕೊನೆಯ ತುತ್ತು ಉಳಿಸಿ, ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದ. ನಾಯಿ ಎದುರಿಗೇ ಹೋಗುತ್ತಿತ್ತು. ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಚಾಪೆಯ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

“ಹಾಗಾದರೆ ಆ ಧಾಮ ಹಾಳು ಬಿತ್ತೇ, ಗುರುಗಳೇ? ನಾನೂ ಕಟ್ಟಬಾರದೇ?”

“ಕಟ್ಟಬೇಕು. ವರ್ತಕನ ಧಾಮಕ್ಕೆ ಮುಂದಿನ ವರ್ಷ ಒಂದು ಕುಂಟು ಕತ್ತೆ ಬಂತು. ಅದಕ್ಕೆ ಎಲ್ಲಿಯೂ ಒಂದು ಬಾಗಿಲೂ ಇರಲಿಲ್ಲ. ಅಷ್ಟರಲ್ಲಿ ವರ್ತಕನೂ ಬೈಯುವುದನ್ನು ಕಲಿತಿದ್ದ.”

ಶಿಷ್ಯನಿಗೆ ಸಮಾಧಾನವಾಯಿತು. ಬೋರ್ಡಿನ ಅಕ್ಷರ ಹಳದಿ ಇರಲೋ ಬಿಳಿ ಇರಲೋ ಎಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೆಕ್ಕು ಗುರುಗಳ ಚಾಪೆಯಿಂದ ಎದ್ದು ಮೈಮುರಿಯಿತು. ನೆಟ್ಟಗೆ ಶಿಷ್ಯನ ಬಳಿಗೆ ಬಂದು, ಅವನ ಕಾಲಿಗೆ ಬೆನ್ನು ಉಜ್ಜಿ, ಕಂಕುಳಲ್ಲಿದ್ದ ಸುರುಳಿಯನ್ನು ನೋಡುತ್ತ ಕೂತಿತು. ಶಿಷ್ಯ ಸುರುಳಿಯನ್ನು ಇನ್ನಷ್ಟು ಒತ್ತಿ ಹಿಡಿದ.

ಗುರುಗಳು ತಮ್ಮ ಪಕ್ಕದ ಖಾಲಿ ಜಾಗದ ಮೇಲೆ ಕೈಯಾಡಿಸಿ ಹೇಳಿದರು:

“ಧಾಮ ಏಳುವ ತನಕ, ಆ ಚಾಪೆಯನ್ನು ಸ್ವಲ್ಪ ಬಿಚ್ಚಿ ಹಾಸುತ್ತೀಯಾ?”