ಬೀಸೋ ಕಲ್ಲು ಉಳಿಸಿದ ಹಾಡು

ನಮ್ಮ ಅಜ್ಜಿಯ ಅಜ್ಜಿಗೂ ಅಜ್ಜಿ ಹುಟ್ಟೋಕೆ ಮುಂಚೆ, ಯೆರೂಸಲೇಮು ಅಂತ ಒಂದು ಪಟ್ಟಣ ಇತ್ತಂತೆ. ಅಲ್ಲಿ ಗುಡ್ಡದ ಮೇಲೆ ಯೆಹೂದ್ಯರ ದೇವರ ಗುಡಿ. ಆ ಗುಡಿಗೊಂದು ಹಾಡು. ಬಾಬಿಲೋನಿನ ರಾಜ ದಂಡೆತ್ತಿ ಬಂದ, ಗುಡಿ ಸುಟ್ಟ, ಜನವನ್ನೆಲ್ಲ ಸೆರೆ ಹಿಡಿದು ತನ್ನ ದೇಶಕ್ಕೆ ಎಳೆದುಕೊಂಡು ಹೋದನಂತೆ.

ಅಲ್ಲಿ ಹಿರಿಯರು ಕೂತು ಕಟ್ಟಳೆ ಮಾಡಿದರಂತೆ. "ಗುಡಿಯೇ ಇಲ್ಲದ ಮೇಲೆ ಗುಡಿಯ ಹಾಡೆಲ್ಲಿ? ಮತ್ತೆ ಗುಡಿ ಏಳೋವರೆಗೂ ಯಾರೂ ಅದನ್ನ ಹಾಡಕೂಡದು. ಹಾಡಿದವರು ನಮ್ಮವರಲ್ಲ."

ಗುಡಿಯಲ್ಲಿ ಹಾಡುತ್ತಿದ್ದ ಮನೆತನದ ಸೊಸೆ ಮಿಲ್ಕಾ. ಗಂಡ ಬರೋ ದಾರಿಯಲ್ಲೇ ಸತ್ತಿದ್ದ. ಇದ್ದ ಒಂದು ಕೂಸಿಗೂ ಜ್ವರ ಬಂದು ಇವತ್ತೋ ನಾಳೆಯೋ ಅನ್ನೋ ಹಾಗಾಯ್ತು. "ಅಯ್ಯೋ, ನನ್ನ ಕಂದ ನಮ್ಮ ದೇವರ ಹಾಡು ಒಂದ್ಸಲನಾದರೂ ಕೇಳದೆ ಹೋಗಬೇಕಾ?" ಅಂತ ಅದನ್ನ ತೊಡೆ ಮೇಲೆ ಮಲಗಿಸಿಕೊಂಡು, ಬೀಸೋ ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿದಳಂತೆ. ಕೂಸು ಕೇಳ್ತಾ ಕೇಳ್ತಾ ಕಣ್ಣು ಮುಚ್ಚಿತು. ಆಮೇಲೆ ಬೀಸೋಕೆ ಕೂತಾಗಲೆಲ್ಲ ಅದೇ ಹಾಡು. ಹೆತ್ತ ಕರುಳು ಕಟ್ಟಳೆ ಕೇಳುತ್ತಾ?

ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಅದು ಮೈದುನ ಶೆಲೆಮ್ಯನ ಕಿವಿಗೆ ಬಿತ್ತು. ಪರದೇಶದಲ್ಲೇ ಹುಟ್ಟಿದ ಹುಡುಗ, ಮಹಾ ನೇಮಸ್ಥ! ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಹಿರಿಯರಿಗೆ ಹೇಳಿದನಂತೆ. "ಪಾಪದ ಬಾಯಿ" ಅಂತ ಮಿಲ್ಕಾಗೆ ಬಹಿಷ್ಕಾರ. ಅವಳಿಗೆ ಬೆಂಕಿ ಕೊಡಂಗಿಲ್ಲ, ನೀರು ಕೊಡಂಗಿಲ್ಲ. ಮುಂದೆ ಗುಡಿ ಎದ್ದರೂ ಅವಳು ಹೊಸಿಲು ತುಳಿಯಂಗಿಲ್ಲ.

ಕಾಲ ಉರುಳಿತು. ಬಾಬಿಲೋನು ಬಿತ್ತು. ಹೊಸ ರಾಜ ಬಂದು, "ಹೋಗಿ, ನಿಮ್ಮ ಗುಡಿ ಕಟ್ಟಿಕೊಳ್ಳಿ" ಅಂದನಂತೆ. ಜನ ಅಳ್ತಾ ನಗ್ತಾ ಹೊರಟರು. ಎಲ್ಲರ ಹಿಂದೆ, ಅಷ್ಟು ದೂರದಲ್ಲಿ, ಬೀಸೋ ಕಲ್ಲನ್ನ ಕತ್ತೆ ಮೇಲೆ ಹೇರಿಕೊಂಡು ಮುದುಕಿ ಮಿಲ್ಕಾ. ಕೂಸನ್ನ ಹೂತ ಮಣ್ಣು ಬಿಟ್ಟು ಬರಬೇಕಲ್ಲ, ತಿರುಗಿ ತಿರುಗಿ ನೋಡ್ತಿದ್ದಳಂತೆ.

ಗುಡಿ ಎದ್ದಿತು. ಬಾಗಿಲು ತೆರೆಯೋ ದಿನ ತುತ್ತೂರಿ ಊದಿದರು. ಹಾಡುಗಾರರಿಗೆಲ್ಲ ಹಿರಿಯನಾಗಿದ್ದ ಶೆಲೆಮ್ಯ ಕೈ ಎತ್ತಿದ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಇವನಿಗೆ ಬರುತ್ತೆ ಅಂತ ಅವನು, ಅವನಿಗೆ ಬರುತ್ತೆ ಅಂತ ಇವನು. ಬಲ್ಲವರೆಲ್ಲ ಬಾಯಿ ಬಿಗಿದುಕೊಂಡೇ ಸತ್ತಿದ್ದರು. ಹಾಡಬಾರದು ಅನ್ನೋದು ಎಲ್ಲರಿಗೂ ಗೊತ್ತು, ಹಾಡು ಮಾತ್ರ ಯಾರಿಗೂ ಗೊತ್ತಿಲ್ಲ! ಹೆಂಗಿದೆ ನೋಡಿ ನೇಮ!

ಶೆಲೆಮ್ಯ ಹೊರಗೆ ಬಂದು, ಗೋಡೆಯಾಚೆ ಕೂತಿದ್ದ ಮಿಲ್ಕಾಳ ಮುಂದೆ ಮಂಡಿಯೂರಿದ.

"ಅತ್ತಿಗೇ, ಅವತ್ತು ಕಿವಿ ಮುಚ್ಚಿಕೊಂಡೆ. ಇವತ್ತು ಹಾಡಿ, ಕೇಳ್ತೀನಿ."

"ಪಾಪದ ಬಾಯಿ ಅಂದಿದ್ರಲ್ಲಪ್ಪಾ?"

"ಪಾಪ ನಮ್ಮದು. ಒಳಗೆ ಬನ್ನಿ."

"ಬರೀ ಬಾಯಲ್ಲಿ ಬರಲ್ಲ ಕಣಪ್ಪ. ಕಲ್ಲು ತಿರುಗಿದರೇ ಹಾಡು ಬರೋದು."

ಕಲ್ಲನ್ನ ಅವನೇ ಹೊತ್ತು ಗುಡಿಯ ಅಂಗಳದಲ್ಲಿ ಇಟ್ಟನಂತೆ. ಮಿಲ್ಕಾ ಒಂದು ಹಿಡಿ ಗೋಧಿ ಹಾಕಿ ಬೀಸಿದಳು, ಹಾಡಿದಳು. ಒಂದೊಂದು ಸಾಲನ್ನೂ ಜನ ಅಳ್ತಾ ಅವಳ ಹಿಂದೆ ಹೇಳಿದರು. ಕೊನೆಗೆ ಅವಳು, "ಜೋ ಜೋ ಕಂದ, ಮಲಗು ಕಂದ" ಅಂದಳಂತೆ.

ಒಬ್ಬ ಪೂಜಾರಿ ಮೆಲ್ಲಗೆ ಕೇಳಿದ, "ಅಮ್ಮಾ, ಇದೂ ಮೊದಲಿಂದ ಹಾಡಲ್ಲಿ ಇತ್ತಾ?"

"ನಂಗೊತ್ತಿಲ್ಲಪ್ಪ. ನನ್ನ ಕೂಸಿಗೆ ಹೀಗೇ ಹಾಡಿದ್ದು."

ಇರಲಿಲ್ಲ ಅನ್ನೋಕೆ ಬಲ್ಲವರು ಯಾರಿದ್ದರು? ಶೆಲೆಮ್ಯ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಮೊದಲು "ಜೋ ಜೋ ಕಂದ" ಅಂದ. ಅವನ ಹಿಂದೆ ಗುಡಿ ತುಂಬ ಜನ ಅಂದರು. ಅವತ್ತಿಂದ ಆ ದೇವರ ಹಾಡು ಮುಗಿಯೋದು ಪರದೇಶದ ಮಣ್ಣಲ್ಲಿ ಮಲಗಿದ ಆ ಕೂಸಿನ ಜೋಗುಳದಲ್ಲೇ ಅಂತೆ.

ಅವರ ಹಾಡು ಅವರ ಗುಡೀಲಿ, ನನ್ನ ಕಥೆ ನಿಮ್ಮ ಕಿವೀಲಿ.