ಹೆಬ್ಬೆರಳು ಒಳಕ್ಕೆ

ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಬೋರಲಿಂಗ. ಹೇಳಿದ್ದನ್ನೇ ಮಾಡೋನು, ಹೇಳಿದಷ್ಟೇ ಮಾಡೋನು. ಅದೇ ಅವಳ ತಲೆನೋವು.

ತಾಯಮ್ಮನ ಸೊಂಟದ ಕೀಲು ಸವೆದಿತ್ತು. ಕುಂಟುತ್ತಿದ್ದಳು. ಗಂಡನ್ನ ಮಣ್ಣು ಮಾಡಿದ ಗುಡ್ಡೆ ಹೊಲದಾಚೆ. ಅಲ್ಲಿಗೆ ನಡೆದು ಹೋಗಿ ಎಡೆ ಇಡೋಕೆ ಆಗ್ತಿರಲಿಲ್ಲ. ಅದೊಂದೇ ಅವಳ ಕೊರಗು.

"ಹೊಸ ಕೀಲು ಹಾಕಿದ್ರೆ ನಡೀತೀಯಮ್ಮ. ಎಕ್ಸ್‌ರೇಲಿ ಅಳತೆ ನೋಡಬೇಕು" ಅಂದರು ಡಾಕ್ಟರು.

ತಾಯಮ್ಮ ಮಗನಿಗೆ ಹೇಳಿದಳು: "ಎಕ್ಸ್‌ರೇಗೆ ಮಲಗಿಸೋವಾಗ ಕಾಲು ನೋಯಿಸಬೇಡ ಕಣೋ. ಹೆಂಗೆ ವಾಲುತ್ತೋ ಹಂಗೇ ಬಿಡು."

"ಆಯ್ತವ್ವ."

ಎಕ್ಸ್‌ರೇ ಮೇಜಿನ ಮೇಲೆ ಪಾದ ಎರಡೂ ಹೊರಕ್ಕೆ ವಾಲಿದವು. ಬೋರಲಿಂಗ ಹಂಗೇ ಬಿಟ್ಟ. ಚಿತ್ರ ಕೆಟ್ಟಿತು.

ಎಕ್ಸ್‌ರೇಯವನು ಬೈದ: "ಅಯ್ಯೋ ಪೆದ್ದೇ! ಪಾದ ಹೊರಕ್ಕೆ ವಾಲಿದ್ರೆ ತೊಡೆಮೂಳೆ ಕತ್ತು ಗಿಡ್ಡ ಕಾಣುತ್ತೆ. ಅಳತೆ ತಪ್ಪುತ್ತೆ. ತಪ್ಪು ಅಳತೆಗೆ ಕೀಲು ಹಾಕಿದ್ರೆ ಕುಂಟು ಹೋಗುತ್ತಾ? ಕಾಲಿನ ಹೆಬ್ಬೆರಳು ಒಳಕ್ಕೆ ತಿರುಗಿಸಿ ಹಿಡಿ. ಬಿಡಬೇಡ!"

ಎಕ್ಸ್‌ರೇ ತಾಗದಂಗೆ ಬೋರಲಿಂಗನಿಗೆ ಸೀಸದ ಅಂಗಿ ತೊಡಿಸಿದ. ಬೋರಲಿಂಗ ಹಿಡಿದ. ಚಿತ್ರ ಸರಿಯಾಗಿ ಬಂತು. ತಾಯಮ್ಮ ಇಳಿಯೋಕೆ ಹೋದಳು. ಹಿಡಿದೇ ಇದ್ದ.

"ಬಿಡೋ!"

"ಬಿಡಬೇಡ ಅಂದವ್ರೆ!"

"ಫೋಟೋ ಆದ ತಕ್ಷಣ ಬಿಟ್ಟುಬಿಡಬೇಕು ಕಣೋ, ಮಂಕೇ!"

"ಆಯ್ತವ್ವ."

ಹೊರಗೆ ತಾಯಮ್ಮ ಮಗನ ತೋಳು ಹಿಡಿದು ನಿಂತಳು. ಅವಳ ತಮ್ಮ ಚಿಕ್ಕೀರಯ್ಯ ಮೊಬೈಲಲ್ಲಿ ಒಂದು ಫೋಟೋ ತೆಗೆದ. ಬೋರಲಿಂಗ ತಕ್ಷಣ ಅವ್ವನ್ನ ಬಿಟ್ಟುಬಿಟ್ಟ. ಪುಣ್ಯಕ್ಕೆ ಹಿಂದೆ ಬೆಂಚಿತ್ತು. ದೊಪ್ ಅಂತ ಕೂತಳು.

"ಕೊಂದುಬಿಡ್ತೀಯ ನನ್ನ! ನಿಂತಿರೋರನ್ನ ಬಿಡ್ತಾರೇನೋ? ಮಲಗಿರೋರ ಫೋಟೋ ತೆಗೆದ್ರೆ ಹೆಬ್ಬೆರಳು ಒಳಕ್ಕೆ ಹಿಡಿ. ನಾನು ಬಿಡು ಅಂದಾಗ ಬಿಡು. ತಿಳೀತಾ?"

"ತಿಳೀತವ್ವ."

ಆಪರೇಷನ್ ಆಯ್ತು. ಅಳತೆ ಸರಿಯಾಗಿತ್ತು. ಕೆಲವು ತಿಂಗಳಿಗೆ ಕುಂಟು ಹೋಯ್ತು. ಹಿರೇರ ಹಬ್ಬದ ದಿನ ತಾಯಮ್ಮ ನಡೆದೇ ಹೋದಳು. ತಾನೇ ಬಾಳೆಲೆ ಹಾಸಿ, ಗುಡ್ಡೆಗೆ ಎಡೆ ಇಟ್ಟಳು.

"ಅಕ್ಕ, ಭಾವನ ಗುಡ್ಡೇದೊಂದು ಫೋಟೋ" ಅಂತ ಚಿಕ್ಕೀರಯ್ಯ ಮೊಬೈಲ್ ಎತ್ತಿದ.

ಬೋರಲಿಂಗ ಓಡಿದ. ಗುಡ್ಡೆಯ ಕಾಲದೆಸೆಗೆ ಮಂಡಿಯೂರಿದ. ಎರಡೂ ಕೈಲಿ ಮಣ್ಣು ಅವುಚಿ ಹಿಡಿದ.

"ಅಪ್ಪಾ! ಹೆಬ್ಬೆರಳು ಒಳಕ್ಕೆ! ಇಲ್ದಿದ್ರೆ ಗಿಡ್ಡ ಕಾಣ್ತೀಯ!"

ತಾಯಮ್ಮ ಬೈಯೋಕೆ ಬಾಯಿ ತೆಗೆದಳು. ಬೈಯದೆ ಮಗನ ಬೆನ್ನ ಮೇಲೆ ಕೈಯಿಟ್ಟಳು.

ಫೋಟೋ ಆಯ್ತು. ಎಡೆಯ ಅನ್ನ ಆರಿತು. ಬೋರಲಿಂಗ ಹಿಡಿದೇ ಇದ್ದ.

ತಾಯಮ್ಮ ಇನ್ನೂ ಬಿಡು ಅಂದಿರಲಿಲ್ಲ.