ತೊಟ್ಟಿಯ ಮೇಲಿನ ದೀಪ

ಕಲ್ಮೇಶ ಕೇಳಿದ: “ಅವ್ವಾ, ದೀಕ್ಷೆ ಪಡೆದು ಮೂರು ತಿಂಗಳಾಯಿತು. ಒಳಗಿನ ಹೊಟ್ಟೆಕಿಚ್ಚನ್ನು ದಿನಾ ಹುಡುಕಿ ಹುಡುಕಿ ಕೀಳುತ್ತಿದ್ದೇನೆ. ಕಿತ್ತಷ್ಟೂ ಹಬ್ಬುತ್ತಿದೆ. ಈ ದಾರಿ ನನಗೆ ಒಗ್ಗುವುದಲ್ಲ ಅನ್ನಿಸುತ್ತದೆ. ನಾಳೆ ಊರಿಗೆ ಹೊರಟುಬಿಡಲೇ?”

ಅವನಿಗೆ ದೀಕ್ಷೆ ಕೊಟ್ಟ ಗುರವ್ವ ಮಠದ ಅಡುಗೆಗೆ ಅವರೆಕಾಯಿ ಸುಲಿಯುತ್ತಿದ್ದಳು. ಮೊರವನ್ನು ಅವನ ಕಡೆಗೆ ಸರಿಸಿದಳು.

“ಹೋಗುವವನಿಗೆ ಬಸ್ಸು ನಾಳೆಯೂ ಇದೆ, ನಾಡಿದ್ದೂ ಇದೆ. ಈಗ ಕೂತುಕೋ. ಕೈ ಕಾಯಿಯ ಮೇಲಿರಲಿ, ಕಿವಿ ನನ್ನ ಕಡೆಗಿರಲಿ,” ಅಂದಳು. ಆಮೇಲೆ ಈ ಕತೆ ಹೇಳಿದಳು.

ಘಟ್ಟದ ಕೆಳಗೆ, ಕಡಲ ದಂಡೆಯ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ತಮ್ಮಯ್ಯ ಅಂತ ಹೆಸರು. ಬೆಳಗಿದ ತಾಮ್ರ ಹಿತ್ತಾಳೆ ನೋಡಿ ನೋಡಿ ಅವನ ಕಣ್ಣು ಒಂದು ಚುಕ್ಕೆ ಕಲೆಯನ್ನೂ ತಾಳುತ್ತಿರಲಿಲ್ಲ.

ಕಡಲ ತಳವನ್ನು ಮನೆಯಲ್ಲೇ ಕೂತು ನೋಡಬೇಕು ಅಂತ ಅವನಿಗೊಂದು ಆಸೆ. ದೊಡ್ಡ ಗಾಜಿನ ತೊಟ್ಟಿ ತಂದ. ಉಪ್ಪುನೀರು ತುಂಬಿದ. ಹವಳದ ಕಲ್ಲಿಟ್ಟು, ಅದರ ಮೇಲೆ ಕಡಲಹೂವು ಅನ್ನುವ ಜೀವವೊಂದನ್ನು ಕೂರಿಸಿದ. ಅದರ ಎಸಳಿನ ನಡುವೆ ಮನೆ ಮಾಡಿಕೊಳ್ಳುವ ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟ. ಮೇಲೊಂದು ದೀಪ ಕಟ್ಟಿದ. ಹೂವು ಅರಳಿತು. ಮೀನುಗಳು ಒಳಹೊಕ್ಕು ಮಲಗಿದವು. ತಮ್ಮಯ್ಯ ಅಂಗಡಿ ಮರೆತು ನೋಡುತ್ತ ಕೂತ.

ಹದಿನೈದನೆಯ ದಿನ ಕಲ್ಲಿನ ಮೇಲೆ ಹಸಿರು ಕಂಡಿತು. ಪಾಚಿ. ಮೀನು ಕೊಟ್ಟವನನ್ನು ಕರೆಸಿದ.

ಅವನು ನೋಡಿ, “ಹೊಸ ತೊಟ್ಟಿಗೆ ಪಾಚಿ ಬಂದೇ ಬರುತ್ತದೆ ಸ್ವಾಮಿ, ಮಗುವಿಗೆ ಹಲ್ಲು ಬರುವಾಗ ಮೈ ಬಿಸಿಯಾದ ಹಾಗೆ. ನೀರು ಹಳತಾದರೆ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ಇವು ಮೇಯುತ್ತಿರಲಿ,” ಎಂದು ಆರು ಬಸವನಹುಳು ಬಿಟ್ಟು ಹೋದ.

“ಇವು ಮೇದು ಮುಗಿಸುವಷ್ಟರಲ್ಲಿ ನಾನು ಮುದುಕನಾಗಿರುತ್ತೇನೆ,” ಎಂದ ತಮ್ಮಯ್ಯ, ಬ್ರಷ್ಷು ಹಿಡಿದ. ಬೆಳಿಗ್ಗೆ ತಿಕ್ಕಿದ, ಸಂಜೆ ತಿಕ್ಕಿದ. ನಡುವೆ ಮತ್ತೆ ಬಂತೋ ಏನೋ ಎಂದು ಗಳಿಗೆಗೊಮ್ಮೆ ನೋಡಬೇಕಲ್ಲ, ಅದಕ್ಕೆ ದೀಪ ಆರಿಸುವುದನ್ನೇ ಬಿಟ್ಟ.

ತಿಕ್ಕಿದಷ್ಟೂ ಪಾಚಿ ಹೆಚ್ಚಿತು. ನೀರು ಕದಡಿತು. ಕಡಲಹೂವು ಮುಷ್ಟಿಯ ಹಾಗೆ ಮುಚ್ಚಿಕೊಂಡಿತು. ಮಲಗಲು ಮನೆಯಿಲ್ಲದ ಮೀನುಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ಇವುಗಳಿಗೆ ಕಡಲು ಬಿಡಿಸಿ ತಂದವನು ನಾನೇ ಅಲ್ಲವೇ ಎಂದು ತಮ್ಮಯ್ಯ ಉಣ್ಣುವ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದ.

ತೊಟ್ಟಿಯಿದ್ದ ಜಗಲಿಯಲ್ಲೇ ಅವನ ಸೋದರತ್ತೆ ಮಂಕಾಳಮ್ಮ ಮಲಗುತ್ತಿದ್ದಳು. ಆಕೆಗೆ ಕಣ್ಣು ಮಂಜು. ಪಾಚಿ ಕಾಣದು, ಮಲಗಿದರೆ ದೀಪ ಮಾತ್ರ ರೆಪ್ಪೆಯೊಳಗೆ ಚುಚ್ಚುತ್ತಿತ್ತು.

ಅಷ್ಟರಲ್ಲಿ ತಮ್ಮಯ್ಯನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಸೋದರಮಾವ ಹೋಗದೆ ಮದುವೆಯುಂಟೇ? ಇಪ್ಪತ್ತೈದು ದಿನದ ಮಟ್ಟಿಗೆ ಹೊರಟ.

“ಅತ್ತೆ, ಮೀನಿಗೆ ದಿನಾ ಒಂದು ಚಿಟಿಕೆ ತಿಂಡಿ ಹಾಕು. ನೀರು ಆರಿ ಇಳಿದರೆ ಈ ಕೊಡದ ಸಿಹಿನೀರು ಹೊಯ್ಯಿ, ಉಪ್ಪು ಒಳಗೇ ಉಳಿದಿರುತ್ತದೆ. ನಾನು ಬರುವಾಗಲೂ ಹೂವು ಹೀಗೇ ಇದ್ದರೆ ಈ ತೊಟ್ಟಿ ಒಡೆದೇಬಿಡುತ್ತೇನೆ.”

“ದೀಪವೋ?”

“ಉರಿಯುತ್ತಲೇ ಇರಲಿ.”

“ಇರುತ್ತದೆ, ಇರುತ್ತದೆ. ನೀನು ಹೊರಡು,” ಅಂದಳು ಮಂಕಾಳಮ್ಮ.

ಅವನು ಓಣಿ ತಿರುಗುವುದೇ ತಡ, ದೀಪ ಆರಿಸಿದಳು. ತೊಟ್ಟಿಗೆ ತನ್ನ ಹಳೇ ಸೀರೆ ಹೊದಿಸಿದಳು. ಮಧ್ಯಾಹ್ನ ಊಟವಾದ ಮೇಲೆ ದೇವರ ಬತ್ತಿ ಹೊಸೆಯಲು ಬೆಳಕು ಬೇಕಲ್ಲ, ಆಗ ಮಾತ್ರ ಸೀರೆ ಸರಿಸಿ ದೀಪ ಹಾಕಿದಳು. ಬತ್ತಿ ಮುಗಿಯಿತು, ದೀಪ ಆರಿತು. ದಿನಾ ಹಾಗೆಯೇ.

ತಮ್ಮಯ್ಯ ತಿರುಗಿ ಬಂದವನು ಕಾಲು ತೊಳೆಯದೆ ಒಳಗೆ ನುಗ್ಗಿದ. ತೊಟ್ಟಿ ಕತ್ತಲೆಯಲ್ಲಿತ್ತು. ಸೀರೆ ಎಳೆದು ದೀಪ ಹಾಕಿದ.

ನೀರು ತಿಳಿಯಾಗಿತ್ತು. ಕಲ್ಲಿನ ಅಂಚಿಗೆ ಎಲ್ಲೋ ಒಂದಿಷ್ಟು ಹಸಿರು. ಅದರ ಮೇಲೆ ಬಸವನಹುಳುಗಳು ನಿಧಾನವಾಗಿ ಮೇಯುತ್ತಿದ್ದವು. ಹೂವು ಅಂಗೈಯಗಲ ಅರಳಿತ್ತು. ಮೀನುಗಳು ಎಸಳಿನೊಳಗಿಂದ ಮೂತಿಯಷ್ಟೇ ಹೊರಗಿಟ್ಟು ಅವನನ್ನು ನೋಡಿದವು.

“ಅತ್ತೆ, ಏನು ಮಾಡಿದೆ?”

“ನನಗೇನು ಕಣ್ಣು ಕಾಣುತ್ತದೆಯೇ ಮಾಡಲಿಕ್ಕೆ? ನಿದ್ದೆ ಮಾಡಿದೆ. ನಿನ್ನ ಪಾಚಿಯೂ ಒಂದು ಸೊಪ್ಪೇ ಅಲ್ಲವೇನೋ? ಬೆಳಕು ಕುಡಿದು ತಾನೇ ಸೊಪ್ಪು ಬೆಳೆಯುವುದು?”

ತಮ್ಮಯ್ಯ ಬ್ರಷ್ಷನ್ನು ಅಂಗಡಿಗೆ ಒಯ್ದು ತಾಮ್ರಕ್ಕೇ ಮೀಸಲಿಟ್ಟ. ಮೀನುಗಳು ಹೂವಿನ ಬುಡದಲ್ಲಿ ಮೊಟ್ಟೆಯಿಟ್ಟು ಸಂಸಾರ ಹೂಡಿದವು. ಬಸವನಹುಳುಗಳಲ್ಲಿ ಒಂದು ಗಾಜು ಹತ್ತಿ ಆಚೆ ಬಿದ್ದು ಸತ್ತಿತು, ಐದು ಉಳಿದವು. ಮಂಕಾಳಮ್ಮ ಮರುವರ್ಷ ತೀರಿಕೊಂಡಳು. ಅವಳು ಹೊಸೆದಿಟ್ಟ ಬತ್ತಿ ಮೂರು ವರ್ಷ ಆ ಮನೆಯ ದೇವರಿಗೆ ಉರಿಯಿತು. ಸೀರೆ ಮಾತ್ರ ಈಗಲೂ ತೊಟ್ಟಿಯ ಮೇಲಿದೆಯಂತೆ.

ಇಷ್ಟು ಹೇಳಿ ಗುರವ್ವ ಕತೆ ಮುಗಿಸಿದಳು. ಕಲ್ಮೇಶ ಕೇಳಿದ: “ಹಾಗಾದರೆ ಪಾಚಿ ಪೂರ್ತಿ ಹೋಗಲೇ ಇಲ್ಲವೇ, ಅವ್ವಾ?”

“ಹುಳುಗಳಿಗೂ ಊಟ ಬೇಡವೇನೋ?” ಎಂದು ಗುರವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಬಾಗಿಲ ಬಳಿ ನಿಂತು ತಿರುಗಿದಳು.

“ನೀನು ದಿನಕ್ಕೆ ಎಷ್ಟು ಸಲ ದೀಪ ಹಾಕಿ ನೋಡಿಕೊಳ್ಳುತ್ತೀ, ಮಗಾ?”

ಕಲ್ಮೇಶ ಮೊರವನ್ನು ಹತ್ತಿರ ಎಳೆದುಕೊಂಡು ಉಳಿದ ಕಾಯಿ ಸುಲಿಯತೊಡಗಿದ.